ಒಂದೇ ಅಕ್ಷರಗುಚ್ಛದ ಇಂಗ್ಲಿಷ್ ಪದಗಳನ್ನು ಕುಟುಂಬವಾಗಿ ಕಲಿಯುವುದು ಹೇಗೆ?

“ದಿನಕ್ಕೆ ಇಪ್ಪತ್ತು ಪದ ಬಾಯಿಪಾಠ ಮಾಡ್ತೀನಿ. ಭಾನುವಾರ ಪುಸ್ತಕ ಮುಚ್ಚಿ ಕೂತರೆ ನಾಲ್ಕೂ ನೆನಪಿಗೆ ಬರಲ್ಲ. ಏನು ಮಾಡಲಿ?”

ಕನ್ನಡ ಮಾಧ್ಯಮದಲ್ಲಿ ಓದಿ ಈಗ ಬ್ಯಾಂಕ್ ಅಥವಾ ಎಸ್‌ಎಸ್‌ಸಿ ಪರೀಕ್ಷೆಗೆ ತಯಾರಾಗುತ್ತಿರುವವರು, ಕೆಲಸಕ್ಕೆ ಸೇರಿದ ಮೇಲೆ ಇಮೇಲ್ ಬರೆಯಲು ತಡವರಿಸುವವರು, ಮಕ್ಕಳಿಗೆ ಹೇಳಿಕೊಡಲು ಹೊರಟ ತಂದೆತಾಯಿ, ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇದನ್ನೇ. ಅವರ ಕೈಯಲ್ಲಿರುವ ಪಟ್ಟಿ ನೋಡಿದರೆ ಕಾರಣ ಅಲ್ಲೇ ಸಿಗುತ್ತದೆ. ಅದು ‘ಎ’ ಅಕ್ಷರದಿಂದ ಶುರು: ಅಬಾಂಡನ್, ಅಬೇಟ್, ಅಬ್ಡಿಕೇಟ್... ಅಕ್ಕಪಕ್ಕದ ಪದಗಳಿಗೆ ಮೊದಲ ಒಂದೆರಡು ಅಕ್ಷರ ಬಿಟ್ಟರೆ ಬೇರೆ ನಂಟಿಲ್ಲ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇನೆಂದು ಅಳೆದು, 1885ರಲ್ಲೇ ಪ್ರಕಟಿಸಿದ್ದ. ಮೊದಲ ದಿನವೇ ಹೆಚ್ಚಿನದು ಸೋರಿಹೋಗುತ್ತದೆ ಎಂಬುದು ಅದರ ಸಾರ. ನಂಟಿಲ್ಲದ ಪದಪಟ್ಟಿಯ ಗತಿಯೂ ಅದೇ.

ಇದಕ್ಕೆ ಬದಲಾಗಿ, ಪದದ ಒಳಗೆ ಕೂತಿರುವ ಅಕ್ಷರಗುಚ್ಛವನ್ನು ಹಿಡಿಯಿರಿ. ಒಂದೇ ಗುಚ್ಛ ಇರುವ ಪದಗಳನ್ನು ಒಟ್ಟುಮಾಡಿ, ಅವು ನಿಜವಾದ ನೆಂಟರೋ ಅಲ್ಲವೋ ಪರೀಕ್ಷಿಸಿ, ಆಮೇಲೆ ಕಲಿಯಿರಿ. ಈ ‘ಪರೀಕ್ಷಿಸಿ’ ಎಂಬ ಭಾಗವನ್ನೇ ಹೆಚ್ಚಿನ ಪುಸ್ತಕಗಳು ಬಿಟ್ಟುಬಿಡುತ್ತವೆ. ಅದಕ್ಕೇ ಈ ಲೇಖನ.

ಬೇಕಾದದ್ದು

ಇನ್ನೂರು ಪುಟದ ಒಂದು ನೋಟ್‌ಬುಕ್, ಅರ್ಥದ ಜೊತೆಗೆ ವಾಕ್ಯ ಕೊಡುವ ಒಂದು ನಿಘಂಟು, ದಿನಕ್ಕೊಂದು ಇಂಗ್ಲಿಷ್ ಪತ್ರಿಕೆಯ ಅರ್ಧ ಪುಟ. ಪದದ ಮೂಲ ನೋಡಲು ಎಟಿಮ್‌ಆನ್‌ಲೈನ್ ಎಂಬ ತಾಣ ಸಾಕು, ಹಣ ಕೊಡಬೇಕಿಲ್ಲ. ಈ ಲೇಖನದಲ್ಲಿ ಇಂಗ್ಲಿಷ್ ಪದಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ, ಕಾಗುಣಿತ ಮುಖ್ಯವಾದ ಕಡೆ ಅಕ್ಷರಗಳ ಹೆಸರು ಕೊಟ್ಟಿದ್ದೇನೆ. ನೀವು ಅವನ್ನು ನೋಟ್‌ಬುಕ್ಕಿಗೆ ಇಂಗ್ಲಿಷ್‌ನಲ್ಲಿ ಇಳಿಸಿ, ನಿಘಂಟಿನೊಂದಿಗೆ ತಾಳೆ ನೋಡಿ. ಅರ್ಧ ಅಭ್ಯಾಸ ಅಲ್ಲೇ ಮುಗಿಯುತ್ತದೆ.

ಹಂತ 1: ಗೊತ್ತಿರುವ ಪದದಿಂದಲೇ ಗುಚ್ಛ ಆರಿಸಿ

ಹೊಸ ಪದದಿಂದ ಶುರುಮಾಡಬೇಡಿ. ದಿನಬಳಕೆಯಲ್ಲಿ ನಿಮ್ಮ ಬಾಯಲ್ಲಿರುವ ಪದ ತೆಗೆದುಕೊಳ್ಳಿ. ‘ಇನ್‌ಸ್ಪೆಕ್ಟರ್’ ಯಾರಿಗೆ ಗೊತ್ತಿಲ್ಲ? ‘ಟ್ರಾನ್ಸ್‌ಪೋರ್ಟ್’, ‘ಡಿಕ್ಷನರಿ’, ‘ಕರಪ್ಷನ್’, ‘ಟ್ರಾನ್ಸ್‌ಫರ್’ ಇವೂ ಹಾಗೆಯೇ. ಈ ಐದರ ಒಳಗಿರುವ ಸ್ಪೆಕ್ಟ್, ಪೋರ್ಟ್, ಡಿಕ್ಟ್, ರಪ್ಟ್, ಫರ್ ಎಂಬ ಗುಚ್ಛಗಳೇ ನಿಮ್ಮ ಮೊದಲ ಐದು ಕುಟುಂಬಗಳಾಗಲಿ. ವಾರಕ್ಕೆ ಒಂದು ಸಾಕು. ಇನ್ನೂರು ಧಾತುಗಳ ಪಿಡಿಎಫ್ ಇಳಿಸಿಕೊಂಡು ಕೂರುವ ಆಸೆಯನ್ನು ಸದ್ಯಕ್ಕೆ ಬಿಡಿ.

ಹಂತ 2: ಪದವನ್ನು ತುಂಡು ಮಾಡಿ

ಇಂಗ್ಲಿಷ್‌ನ ಉದ್ದ ಪದಗಳಲ್ಲಿ ಬಹುಪಾಲು ಲ್ಯಾಟಿನ್‌ನಿಂದ ನೇರವಾಗಿಯೋ, 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚ್ ಮೂಲಕವೋ ಬಂದವು. ಅವುಗಳಿಗೆ ಸಾಮಾನ್ಯವಾಗಿ ಮೂರು ಭಾಗ. ಮುಂದೆ ಅಂಟುವುದು ಪ್ರಿಫಿಕ್ಸ್, ಅಂದರೆ ಉಪಸರ್ಗ. ನಡುವಿನದು ರೂಟ್, ಅಂದರೆ ಧಾತು. ಕೊನೆಯದು ಸಫಿಕ್ಸ್, ಅಂದರೆ ಪ್ರತ್ಯಯ. ಟ್ರಾನ್ಸ್ (ಆಚೆಗೆ) + ಪೋರ್ಟ್ (ಹೊರು) + ಏಷನ್ (ಕ್ರಿಯೆಯ ಹೆಸರು).

ಕನ್ನಡದವರಿಗೆ ಇದು ಹೊಸ ವಿದ್ಯೆಯೇನಲ್ಲ. ಆಹಾರ, ವಿಹಾರ, ಸಂಹಾರ, ಪ್ರಹಾರ, ಪರಿಹಾರ ಎಂಬ ಐದೂ ಪದ ‘ಹೃ’ ಎಂಬ ಒಂದೇ ಧಾತುವಿನಿಂದ ಹುಟ್ಟಿದವು. ಉಪಸರ್ಗ ಬದಲಾದ ಕೂಡಲೇ ಊಟ ಹೋಗಿ ಸುತ್ತಾಟವಾಯಿತು, ಸುತ್ತಾಟ ಹೋಗಿ ಕೊಲೆಯಾಯಿತು. ಉಪಸರ್ಗವು ಧಾತುವಿನ ಅರ್ಥವನ್ನು ಬಲವಂತವಾಗಿ ಬೇರೆಡೆಗೆ ಎಳೆದೊಯ್ಯುತ್ತದೆ ಎಂದು ಸಂಸ್ಕೃತದ ಹಳೆಯ ಶ್ಲೋಕವೊಂದು ಇದೇ ಐದು ಪದಗಳನ್ನು ಕೊಟ್ಟು ಹೇಳುತ್ತದೆ. ಆ ಶ್ಲೋಕದ ಮಾತು ಲ್ಯಾಟಿನ್ ಪದಗಳಿಗೂ ಹಾಗೇ ಹೊಂದುತ್ತದೆ.

ಶುರುವಿಗೆ ಈ ಉಪಸರ್ಗಗಳು ಸಾಕು: ರೀ (ಹಿಂದಕ್ಕೆ, ಮತ್ತೆ), ಪ್ರಿ (ಮೊದಲೇ), ಪ್ರೊ (ಮುಂದಕ್ಕೆ), ಎಕ್ಸ್ (ಹೊರಗೆ), ಇನ್ (ಒಳಗೆ, ಕೆಲವೊಮ್ಮೆ ‘ಅಲ್ಲ’), ಸಬ್ (ಕೆಳಗೆ), ಕಾನ್ (ಕೂಡಿ, ಪೂರ್ತಿಯಾಗಿ), ಡಿಸ್ (ಬೇರೆಯಾಗಿ), ಇಂಟರ್ (ನಡುವೆ), ಟ್ರಾನ್ಸ್ (ಆಚೆಗೆ), ಆ್ಯಡ್ (ಕಡೆಗೆ).

ಹಂತ 3: ಒಂದು ಕುಟುಂಬವನ್ನು ಪೂರ್ತಿ ಕಟ್ಟಿ

ಎಸ್-ಪಿ-ಇ-ಸಿ-ಟಿ ಗುಚ್ಛ ತೆಗೆದುಕೊಳ್ಳೋಣ. ಲ್ಯಾಟಿನ್‌ನಲ್ಲಿ ಇದರ ಅರ್ಥ ‘ನೋಡು’. ನೋಟ್‌ಬುಕ್ಕಿನಲ್ಲಿ ಎದುರುಬದುರು ಎರಡು ಪುಟ ಬಿಡಿ. ಪ್ರತಿ ಪದಕ್ಕೂ ತುಂಡು, ತುಂಡುಗಳ ನೇರ ಅರ್ಥ, ಇಂದಿನ ಅರ್ಥ, ನಿಮ್ಮದೇ ವಾಕ್ಯ ಎಂದು ನಾಲ್ಕು ಕಾಲಂ ಇರಲಿ.

- ಇನ್‌ಸ್ಪೆಕ್ಟ್: ಒಳಗೆ ನೋಡು. ತಪಾಸಣೆ ಮಾಡು.
- ರೆಸ್ಪೆಕ್ಟ್: ತಿರುಗಿ ನೋಡು. ಗೌರವ. ದಾರಿಯಲ್ಲಿ ಯಾರನ್ನು ತಿರುಗಿ ನೋಡುತ್ತೇವೋ ಅವರಿಗೆ ಸಲ್ಲುವುದು.
- ಸಸ್ಪೆಕ್ಟ್: ಕೆಳಗಿನಿಂದ ನೋಡು. ಸಂಶಯಪಡು. ತಲೆ ತಗ್ಗಿಸಿ ಕಣ್ಣು ಮಾತ್ರ ಎತ್ತಿ ನೋಡುವ ನೋಟ.
- ಪ್ರಾಸ್ಪೆಕ್ಟ್: ಮುಂದಕ್ಕೆ ನೋಡು. ಮುಂದಿನ ಸಾಧ್ಯತೆ. ಕಾಲೇಜಿನ ಪ್ರಾಸ್ಪೆಕ್ಟಸ್ ಇದರ ಮನೆಯದೇ.
- ರೆಟ್ರೊಸ್ಪೆಕ್ಟ್: ಹಿಂದಕ್ಕೆ ನೋಟ. ಸಿಂಹಾವಲೋಕನ.
- ಇಂಟ್ರೊಸ್ಪೆಕ್ಟ್: ತನ್ನೊಳಗೆ ನೋಟ. ಆತ್ಮಾವಲೋಕನ.
- ಸರ್ಕಮ್‌ಸ್ಪೆಕ್ಟ್: ಸುತ್ತಲೂ ನೋಡುವ. ಎಚ್ಚರಿಕೆಯ ಸ್ವಭಾವದ.
- ಸ್ಪೆಕ್ಟೇಟರ್: ಪ್ರೇಕ್ಷಕ. ಸ್ಪೆಕ್ಟಕಲ್ಸ್: ಕನ್ನಡಕ.

‘ಎಕ್ಸ್‌ಪೆಕ್ಟ್’ ಕೂಡ ಇದೇ ಮನೆಯದು: ಹೊರಗೆ ನೋಡು, ಯಾರಿಗೋ ಕಾಯುತ್ತಾ ಬಾಗಿಲಾಚೆ ನೋಡು, ನಿರೀಕ್ಷಿಸು. ಆದರೆ ಇಲ್ಲಿ ‘ಎಸ್’ ಕಾಣುವುದಿಲ್ಲ. ‘ಎಕ್ಸ್’ ಅಕ್ಷರದ ಉಚ್ಚಾರದಲ್ಲೇ ಒಂದು ಸಕಾರ ಇರುವುದರಿಂದ ಧಾತುವಿನ ‘ಎಸ್’ ಬಿದ್ದುಹೋಯಿತು. ‘ಎಕ್ಸಿಸ್ಟ್’, ‘ಎಕ್ಸಿಕ್ಯೂಟ್’ ಪದಗಳಲ್ಲೂ ಆದದ್ದು ಇದೇ. ‘ಎಕ್ಸ್’ ಆದಮೇಲೆ ‘ಎಸ್’ ಹಾಕಬೇಕೋ ಬೇಡವೋ ಎಂಬ ಅನುಮಾನ ಈ ಮೂರು ಪದಗಳಲ್ಲಿ ಇನ್ನು ಬರಬಾರದು.

ಧಾತು ತುಸು ವೇಷ ಬದಲಿಸುವುದೂ ಉಂಟು. ಎಸ್-ಪಿ-ಇ-ಸಿ ಇರುವಲ್ಲಿ ಎಸ್-ಪಿ-ಐ-ಸಿ ಬರುತ್ತದೆ: ‘ಕಾನ್‌ಸ್ಪಿಕ್ಯುಅಸ್’ ಎಂದರೆ ಎದ್ದು ಕಾಣುವ. ‘ಕೃ’ ಧಾತು ಕೃತಿ, ಕರಣ, ಕಾರ್ಯ ಎಂದು ಮೂರು ರೂಪ ತಾಳುವುದನ್ನು ಒಪ್ಪಿಕೊಂಡ ನಮಗೆ ಇದು ಕಷ್ಟವಾಗಬಾರದು. ಈ ವೇಷದಲ್ಲಿರುವ ಅತಿ ಸ್ವಾರಸ್ಯದ ಪದ ‘ಆಸ್ಪಿಶಸ್’, ಅಂದರೆ ಶುಭಕರ. ಅದರ ಮೊದಲ ತುಂಡು ‘ಏವಿಸ್’, ಲ್ಯಾಟಿನ್‌ನಲ್ಲಿ ಹಕ್ಕಿ. ‘ಏವಿಯೇಷನ್’ ಬಂದದ್ದೂ ಅಲ್ಲಿಂದಲೇ. ಪ್ರಾಚೀನ ರೋಮ್‌ನಲ್ಲಿ ದೊಡ್ಡ ಕೆಲಸಕ್ಕೆ ಕೈಹಾಕುವ ಮುನ್ನ ಹಕ್ಕಿಗಳ ಹಾರಾಟ ನೋಡಿ ಒಳಿತು ಕೆಡುಕು ಹೇಳುತ್ತಿದ್ದರು. ನಮ್ಮ ‘ಶಕುನ’ಕ್ಕೂ ಸಂಸ್ಕೃತದಲ್ಲಿ ಹಕ್ಕಿ ಎಂಬ ಅರ್ಥವಿದೆ. ಬುಡಬುಡಿಕೆಯವರು “ಹಾಲಕ್ಕಿ ನುಡೀತೈತೆ” ಎನ್ನುತ್ತಾ ಮನೆಮುಂದೆ ನಿಲ್ಲುವುದು ಗೊತ್ತಿದ್ದವರಿಗೆ ‘ಆಸ್ಪಿಶಸ್’ ಮರೆಯುವುದು ಕಷ್ಟ.

ಎಚ್ಚರಿಕೆ: ನೇರ ಅರ್ಥ ನೆನಪಿಗೆ ಕೊಕ್ಕೆ ಮಾತ್ರ. “ಐ ಇನ್‌ಸ್ಪೆಕ್ಟೆಡ್ ದ ವೆಲ್” ಎಂದರೆ ಬಾವಿಯೊಳಗೆ ಇಣುಕಿದೆ ಎಂದಷ್ಟೇ ಆಗುವುದಿಲ್ಲ, ಪರಿಶೀಲಿಸಿದೆ ಎಂದಾಗುತ್ತದೆ. ಪರೀಕ್ಷೆಯಲ್ಲಿ ನಾಲ್ಕನೇ ಕಾಲಂ ಮಾತ್ರ ಅಂಕ ತರುತ್ತದೆ.

ಹಂತ 4: ಸಂಧಿ ಬಿಡಿಸಿ, ಕಾಗುಣಿತ ತಾನಾಗಿ ಬರುತ್ತದೆ

ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ಎಲ್ಲಿ ಒಂದು ಅಕ್ಷರ, ಎಲ್ಲಿ ಎರಡು ಎಂಬುದು ಎಲ್ಲರನ್ನೂ ಕಾಡುತ್ತದೆ. ಹೆಚ್ಚಿನ ಕಡೆ ಉತ್ತರ ಸಂಧಿಯಲ್ಲಿದೆ. ‘ಉತ್’ ಮತ್ತು ‘ಲೇಖ’ ಸೇರಿ ‘ಉಲ್ಲೇಖ’ವಾಗುತ್ತದೆ, ‘ಸತ್’ ಮತ್ತು ‘ಜನ’ ಸೇರಿ ‘ಸಜ್ಜನ’ನಾಗುತ್ತಾನೆ. ಮುಂದಿನ ಅಕ್ಷರಕ್ಕೆ ಹೊಂದಿಕೊಳ್ಳಲು ಹಿಂದಿನದು ಬದಲಾಗುತ್ತದೆ. ಲ್ಯಾಟಿನ್‌ನಲ್ಲೂ ಹೀಗೇ. ಇನ್ + ಲೀಗಲ್ ಸೇರಿದಾಗ ‘ಎನ್’ ಹೋಗಿ ‘ಎಲ್’ ಆಗಿ, ‘ಇಲ್ಲೀಗಲ್’ನಲ್ಲಿ ಎರಡು ಎಲ್ ಬರುತ್ತವೆ. ಇನ್ + ರೆಗ್ಯುಲರ್ ಆದರೆ ಎರಡು ಆರ್. ಇನ್ + ಪಾಸಿಬಲ್ ಆದಾಗ ‘ಪಿ’ಗೆ ಹೊಂದುವ ‘ಎಂ’. ಸಬ್ + ಪೋರ್ಟ್ ಎಂದರೆ ಕೆಳಗಿನಿಂದ ಹೊರು: ‘ಸಪೋರ್ಟ್’, ಎರಡು ಪಿ. ಕಾನ್ + ಲೆಕ್ಟ್ ಎಂದರೆ ಕೂಡಿಸಿ ಆರಿಸು: ‘ಕಲೆಕ್ಟ್’, ಎರಡು ಎಲ್. ಆ್ಯಡ್ + ಫರ್ಮ್ ಸೇರಿ ‘ಅಫರ್ಮ್’, ಎರಡು ಎಫ್.

ಈ ಒಂದು ಸೂತ್ರದಿಂದ ಬಗೆಹರಿಯುವ ಪದಗಳ ಸಾಲು ದೊಡ್ಡದು.

‘ಅಕಾಮಡೇಟ್’ ಪದವನ್ನು ತಪ್ಪಿಲ್ಲದೆ ಬರೆಯುವವರು ಕಡಿಮೆ. ಅದನ್ನು ಆ್ಯಡ್ + ಕಾಮ್ + ಮೊಡೇಟ್ ಎಂದು ಬಿಡಿಸಿ. ‘ಆ್ಯಡ್’ನ ಡಿ ಬದಲಾಗಿ ಸಿ ಆಯಿತು, ಆದ್ದರಿಂದ ಎರಡು ಸಿ. ‘ಕಾಮ್’ನದೊಂದು, ‘ಮೊಡೇಟ್’ನದೊಂದು, ಹೀಗೆ ಎರಡು ಎಂ. ‘ರೆಕಮೆಂಡ್’ ಎಂದರೆ ರೀ + ಕಮೆಂಡ್. ವ್ಯಂಜನದ ಮುಂದೆ ‘ರೀ’ ಬದಲಾಗುವುದಿಲ್ಲ, ಹಾಗಾಗಿ ಒಂದೇ ಸಿ, ಎರಡು ಎಂ. ‘ಡಿಸಪಿಯರ್’ನಲ್ಲಿ ಡಿಸ್ + ಅಪಿಯರ್, ಒಂದೇ ಎಸ್. ‘ಡಿಸ್‌ಸ್ಯಾಟಿಸ್‌ಫೈಡ್’ನಲ್ಲಿ ಡಿಸ್ ಮುಗಿದ ಮೇಲೆ ಸ್ಯಾಟಿಸ್‌ಫೈಡ್ ಶುರು, ಎರಡು ಎಸ್. ‘ಇಮಿಗ್ರಂಟ್’ ಒಳಗೆ ಬಂದವನು, ಇನ್ + ಮೈಗ್ರಂಟ್, ಎರಡು ಎಂ. ‘ಎಮಿಗ್ರಂಟ್’ ದೇಶ ಬಿಟ್ಟು ಹೊರಟವನು, ಎಕ್ಸ್ ಸವೆದು ಬರೀ ‘ಇ’ ಆಗಿದೆ, ಒಂದೇ ಎಂ. ಇಲ್ಲಿಂದ ದುಬೈಗೆ ಹೋಗಿ ನೆಲೆಸಿದವರು ಊರವರ ಲೆಕ್ಕದಲ್ಲಿ ಎಮಿಗ್ರಂಟ್, ಅಲ್ಲಿಯವರ ಲೆಕ್ಕದಲ್ಲಿ ಇಮಿಗ್ರಂಟ್.

ಎಫ್-ಇ-ಆರ್ ಕುಟುಂಬದ ಗೊಂದಲ ಬೇರೆ ಬಗೆಯದು. ಲ್ಯಾಟಿನ್‌ನಲ್ಲಿ ಅದಕ್ಕೂ ‘ಹೊರು, ಒಯ್ಯು’ ಎಂದೇ ಅರ್ಥ: ಟ್ರಾನ್ಸ್‌ಫರ್ (ಆಚೆಗೆ ಒಯ್ಯು), ಪ್ರಿಫರ್ (ಮುಂದಿಟ್ಟುಕೊಳ್ಳು), ರೆಫರ್, ಇನ್‌ಫರ್, ಆಫರ್, ಸಫರ್, ಡಿಫರ್ (ಭಿನ್ನವಾಗು). ಭೂತಕಾಲಕ್ಕೆ ಹೋದಾಗ ಕೆಲವಕ್ಕೆ ಎರಡು ಆರ್, ಕೆಲವಕ್ಕೆ ಒಂದು. ಗುಟ್ಟು ಇರುವುದು ಒತ್ತಿನಲ್ಲಿ. ಪದದ ಕೊನೆಯ ಭಾಗವನ್ನು ಒತ್ತಿ ಹೇಳಿದರೆ ಎರಡು ಆರ್: ಟ್ರಾನ್ಸ್‌ಫರ್ಡ್, ಪ್ರಿಫರ್ಡ್, ರೆಫರ್ಡ್, ಇನ್‌ಫರ್ಡ್. ಮೊದಲ ಭಾಗಕ್ಕೆ ಒತ್ತು ಬಿದ್ದರೆ ಒಂದೇ ಆರ್: ಆಫರ್ಡ್, ಸಫರ್ಡ್, ಡಿಫರ್ಡ್. ‘ರೆಫರೆನ್ಸ್’ನಲ್ಲಿ ಒತ್ತು ಮೊದಲಿಗೆ ಜಾರುವುದರಿಂದ ಅಲ್ಲೂ ಒಂದೇ. ಕಚೇರಿಯ ಇಮೇಲ್‌ಗಳಲ್ಲಿ ಅತಿ ಹೆಚ್ಚು ತಪ್ಪು ಕಾಣುವ ಜಾಗ ಇದು.

ಕುಟುಂಬ ಗೊತ್ತಿದ್ದರೆ ಮೂಕ ಅಕ್ಷರಗಳೂ ಮಾತಾಡುತ್ತವೆ. ‘ಸೈನ್’ ಪದದಲ್ಲಿ ಜಿ ಕೇಳಿಸುವುದಿಲ್ಲ, ‘ಸಿಗ್ನೇಚರ್’ನಲ್ಲಿ ಕೇಳಿಸುತ್ತದೆ. ‘ರಿಸೈನ್’ನ ಜಿ ‘ರೆಸಿಗ್ನೇಷನ್’ನಲ್ಲಿ, ‘ಕಂಡೆಮ್’ನ ಎನ್ ‘ಕಂಡೆಮ್ನೇಷನ್’ನಲ್ಲಿ, ‘ಬಾಂಬ್’ನ ಕೊನೆಯ ಬಿ ‘ಬಂಬಾರ್ಡ್’ನಲ್ಲಿ ಹೊರಬೀಳುತ್ತದೆ. ಸಾಲ ಎಂಬ ಅರ್ಥದ ‘ಡೆಟ್’ ಪದದ ನಡುವೆ ಬಿ ಏಕಿದೆ ಎಂದು ಕೇಳಿದರೆ ಪಾಸ್‌ಬುಕ್ ತೆಗೆಯಿರಿ: ‘ಡೆಬಿಟ್’ ಅಲ್ಲೇ ಇದೆ. ಫ್ರೆಂಚ್‌ನಿಂದ ಬಂದಾಗ ಆ ಪದದಲ್ಲಿ ಬಿ ಇರಲಿಲ್ಲ, ಲ್ಯಾಟಿನ್ ಮೂಲ ನೆನಪಿಸಬೇಕೆಂದು ಪಂಡಿತರು ಆಮೇಲೆ ಸೇರಿಸಿದರು. ಪಂಡಿತರು ಎಡವಿದ್ದೂ ಉಂಟು. ‘ಐಲೆಂಡ್’ ಪದ ಹಳೆಯ ಇಂಗ್ಲಿಷ್‌ನದು, ಲ್ಯಾಟಿನ್‌ಗೆ ಸಂಬಂಧವಿಲ್ಲ. ಲ್ಯಾಟಿನ್ ಮೂಲದ ‘ಐಲ್’ ಪದದ ನೆಂಟನೆಂದು ತಪ್ಪಾಗಿ ತಿಳಿದು ಅದಕ್ಕೊಂದು ಎಸ್ ತುರುಕಿದರು. ಆ ಎಸ್ ಅನ್ನು ನೀವು ಸುಮ್ಮನೆ ಬಾಯಿಪಾಠ ಮಾಡಬೇಕು, ಬೇರೆ ದಾರಿಯಿಲ್ಲ.

ಹಂತ 5: ಸಂಸ್ಕೃತದ ಕಡೆಯ ನೆಂಟರನ್ನು ಗುರುತಿಸಿ

1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಸಭೆಯಲ್ಲಿ ನ್ಯಾಯಾಧೀಶ ಸರ್ ವಿಲಿಯಂ ಜೋನ್ಸ್, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಯಾವುದೋ ಒಂದೇ ಮೂಲದಿಂದ ಕವಲೊಡೆದಿರಬೇಕು ಎಂದರು. ಆಮೇಲಿನ ಭಾಷಾವಿಜ್ಞಾನ ಅದನ್ನು ನಿಯಮಬದ್ಧವಾಗಿ ತೋರಿಸಿತು. ಅಚ್ಚಗನ್ನಡ ದ್ರಾವಿಡ ಮನೆತನದ್ದು, ಈ ಲೆಕ್ಕಕ್ಕೆ ಬರುವುದಿಲ್ಲ. ಆದರೆ ನಾವು ದಿನಾ ಬಳಸುವ ಸಂಸ್ಕೃತ ಪದಗಳು ನಮಗೆ ಪುಕ್ಕಟೆ ಸಿಕ್ಕ ಅನುಕೂಲ.

ದಂತಕ್ಕೆ ಡೆಂಟಲ್, ಪಾದಕ್ಕೆ ಪೆಡಲ್, ನಾಮಕ್ಕೆ ನಾಮಿನೇಟ್, ದಾನಕ್ಕೆ ಡೊನೇಟ್, ಮೃತ್ಯುವಿಗೆ ಮಾರ್ಟಲ್, ಸ್ಥಾನಕ್ಕೆ ಸ್ಟೇಷನ್, ಭಾರಕ್ಕೆ ಮೇಲೆ ಹೇಳಿದ ಫರ್. ಶ್ರದ್ಧೆಗೂ ‘ಕ್ರೆಡಿಟ್’ಗೂ ನಂಟಿದೆ ಎಂದರೆ ನಗಬೇಡಿ. ಸಿ-ಆರ್-ಇ-ಡಿ ಎಂದರೆ ನಂಬಿಕೆ: ಕ್ರೆಡಿಬಲ್ (ನಂಬಲರ್ಹ), ಇನ್‌ಕ್ರೆಡಿಬಲ್ (ನಂಬಲಾಗದ), ಕ್ರೆಡೆನ್ಷಿಯಲ್ಸ್ (ನಂಬಿಕೆ ಹುಟ್ಟಿಸುವ ದಾಖಲೆಗಳು). ಬ್ಯಾಂಕಿನವರು ನಂಬಿ ಕೊಡುವುದೇ ಕ್ರೆಡಿಟ್.

ಡಿ-ಐ-ಸಿ-ಟಿ ಕುಟುಂಬವಂತೂ ಪಕ್ಕಪಕ್ಕ ಇಟ್ಟು ಓದುವಂತಿದೆ. ಸಂಸ್ಕೃತದ ‘ದಿಶ್’ ಎಂದರೆ ತೋರಿಸು. ಅದರಿಂದ ಆದೇಶ, ಉಪದೇಶ, ನಿರ್ದೇಶ, ಸಂದೇಶ. ಅದರ ಲ್ಯಾಟಿನ್ ಒಡಹುಟ್ಟು ‘ಹೇಳು’ ಎಂಬ ಅರ್ಥ ತಾಳಿತು. ಅದರಿಂದ ಈಡಿಕ್ಟ್ (ರಾಜಾಜ್ಞೆ), ಪ್ರಿಡಿಕ್ಟ್ (ಮೊದಲೇ ಹೇಳು), ಕಾಂಟ್ರಡಿಕ್ಟ್ (ಎದುರು ಹೇಳು), ವರ್ಡಿಕ್ಟ್ (ಸತ್ಯ ಹೇಳಿಕೆ, ತೀರ್ಪು), ಜ್ಯೂರಿಸ್‌ಡಿಕ್ಷನ್ (ನ್ಯಾಯ ಹೇಳುವ ವ್ಯಾಪ್ತಿ). ಮೊದಲಿಗೆ ಹೇಳಿದ ಪಟ್ಟಿಯ ‘ಅಬ್ಡಿಕೇಟ್’ ಕೂಡ ಇಲ್ಲಿಗೇ ಸೇರುತ್ತದೆ: ತನ್ನಿಂದ ದೂರವೆಂದು ಘೋಷಿಸು, ಸಿಂಹಾಸನ ತ್ಯಜಿಸು. ಹಾಗೆಯೇ ‘ಇಂಡೈಟ್’. ಬರೆಯುವುದು ಐ-ಎನ್-ಡಿ-ಐ-ಸಿ-ಟಿ, ಓದುವುದು ಮಾತ್ರ ಇಂಡೈಟ್, ಅರ್ಥ ದೋಷಾರೋಪ ಹೊರಿಸು. ಅಕ್ಷರ ಒಂದೇ ಆದಮಾತ್ರಕ್ಕೆ ಉಚ್ಚಾರ ಒಂದೇ ಎಂದು ತಿಳಿಯಬೇಡಿ, ನಿಘಂಟಿನ ಧ್ವನಿ ಗುಂಡಿ ಒತ್ತಿ ಕೇಳಿ.

ಒಂದು ಎಚ್ಚರಿಕೆ. ಇಂಗ್ಲಿಷ್ ಪದಗಳೆಲ್ಲ ಸಂಸ್ಕೃತದಿಂದಲೇ ಹುಟ್ಟಿದವು ಎಂಬ ವಾಟ್ಸಾಪ್ ಸಂದೇಶಗಳನ್ನು ನೋಟ್‌ಬುಕ್ಕಿಗೆ ಇಳಿಸಬೇಡಿ. ಮೇಲಿನವು ಒಡಹುಟ್ಟುಗಳು, ತಾಯಿ ಮಗಳಲ್ಲ.

ಹಂತ 6: ಸುಳ್ಳು ನೆಂಟರನ್ನು ಹೊರಗಿಡಿ

ಹೆಚ್ಚಿನವರು ಎಡವುವ ಹಂತ ಇದು. ಅಕ್ಷರ ಹೊಂದಿದ ಕೂಡಲೇ ನೆಂಟಸ್ತಿಕೆ ಕಟ್ಟಿಬಿಡುತ್ತಾರೆ. ಪ್ರತಿ ಹೊಸ ಪದಕ್ಕೂ ಎರಡು ಪ್ರಶ್ನೆ ಕೇಳಿ: ಧಾತುವಿನ ಅರ್ಥ ಈ ಪದದಲ್ಲಿ ಎಳೆಯಷ್ಟಾದರೂ ಕಾಣುತ್ತಿದೆಯೇ? ಪದಮೂಲ ಕೊಡುವ ನಿಘಂಟು ಅದನ್ನು ಒಪ್ಪುತ್ತದೆಯೇ? ಎರಡನೆಯದಕ್ಕೆ ‘ಇಲ್ಲ’ ಬಂದರೆ ಪದವನ್ನು ಬೇರೆ ಪುಟಕ್ಕೆ ಸಾಗಹಾಕಿ.

ಸಿ-ಎ-ಎನ್-ಡಿ ಗುಚ್ಛದಲ್ಲಿ ಇದನ್ನು ಮಾಡಿ ನೋಡೋಣ. ‘ಕ್ಯಾಂಡಲ್’ ಮೇಣದಬತ್ತಿ, ‘ಇನ್‌ಕ್ಯಾಂಡೆಸೆಂಟ್’ ಕಾದು ಬೆಳಗುವ (ಹಳೆಯ ತಂತಿ ಬಲ್ಬು), ‘ಕ್ಯಾಂಡಿಡ್’ ಮುಚ್ಚುಮರೆಯಿಲ್ಲದ. ಧಾತುವಿನ ಅರ್ಥ ಹೊಳೆಯುವುದು, ಬೆಳ್ಳಗಿರುವುದು. ನಮ್ಮ ‘ಚಂದ್ರ’ ಕೂಡ ಈ ಬಳಗದವನೇ. ‘ಕ್ಯಾಂಡಿಡೇಟ್’? ಬೆಳಕಿಗೂ ಅಭ್ಯರ್ಥಿಗೂ ಏನು ಸಂಬಂಧ ಎನ್ನಿಸುತ್ತದೆ. ರೋಮ್‌ನಲ್ಲಿ ಪದವಿಗೆ ಸ್ಪರ್ಧಿಸುವವರು ಬೆಳ್ಳಗೆ ಮಾಡಿದ ಟೋಗಾ ಉಟ್ಟು ಮತ ಕೇಳುತ್ತಿದ್ದರು, ಹಾಗಾಗಿ ಬಿಳಿಯುಡುಗೆಯವನೇ ಕ್ಯಾಂಡಿಡೇಟ್. ಚುನಾವಣೆ ಬಂದಾಗ ನಮ್ಮಲ್ಲೂ ಇಸ್ತ್ರಿ ಅಂಗಡಿಯವರಿಗೆ ಬಿಡುವಿರುವುದಿಲ್ಲ. ಸರಿ, ಇವು ನಾಲ್ಕೂ ನೆಂಟರು. ಇನ್ನು ‘ಕ್ಯಾಂಡಿ’? ಅಕ್ಷರ ಅವೇ, ಕುಲ ಬೇರೆ. ಸಂಸ್ಕೃತದ ‘ಖಂಡ’ ಎಂದರೆ ತುಂಡು, ಸಕ್ಕರೆಯ ತುಂಡು. ಅದು ಪರ್ಷಿಯನ್, ಅರಬ್ಬಿ, ಫ್ರೆಂಚ್ ದಾಟಿ ಇಂಗ್ಲಿಷ್‌ಗೆ ಹೋಗಿ ‘ಕ್ಯಾಂಡಿ’ಯಾಯಿತು. ಖಂಡಸಾರಿ ಸಕ್ಕರೆಯ ಜೊತೆ ಅದನ್ನು ಬರೆದುಕೊಳ್ಳಿ.

ಇದೇ ರೀತಿ ಕಾಲೆಳೆಯುವ ಇನ್ನು ಕೆಲವು:

ಪಿ-ಇ-ಡಿ. ಲ್ಯಾಟಿನ್‌ನಲ್ಲಿ ಪಾದ: ಪೆಡೆಸ್ಟ್ರಿಯನ್ (ಪಾದಚಾರಿ), ಸೆಂಟಿಪೀಡ್ (ನೂರು ಕಾಲಿನದು), ಇಂಪೀಡ್ (ಕಾಲಿಗೆ ತೊಡರು, ಅಡ್ಡಿಪಡಿಸು). ಗ್ರೀಕ್‌ನಲ್ಲಿ ಇದೇ ರೂಪಕ್ಕೆ ಬಂದು ನಿಂತ ಇನ್ನೊಂದು ಧಾತುವಿಗೆ ಮಗು ಎಂದರ್ಥ: ಪೀಡಿಯಾಟ್ರಿಷಿಯನ್ (ಮಕ್ಕಳ ವೈದ್ಯ), ಪೆಡಗಾಜಿ (ಬೋಧನಾಶಾಸ್ತ್ರ). ನಮ್ಮಲ್ಲಿ ನಡೆಯುವ ಬ್ರಿಟಿಷ್ ಕಾಗುಣಿತದಲ್ಲಿ ಮಕ್ಕಳ ವೈದ್ಯರ ಬೋರ್ಡ್ ಪಿ-ಎ-ಇ-ಡಿ ಎಂದು ಶುರುವಾಗುತ್ತದೆ, ಆ ‘ಎ’ ನೋಡಿ ಬೇರ್ಪಡಿಸಿ.

ಸಿ-ಐ-ಡಿ-ಇ. ಪೊಲೀಸರದಲ್ಲ! ಪೆಸ್ಟಿಸೈಡ್, ಹರ್ಬಿಸೈಡ್, ಹೋಮಿಸೈಡ್, ಸೂಯಿಸೈಡ್ ಇವುಗಳಲ್ಲಿ ಕೊಲ್ಲುವ, ಕಡಿಯುವ ಅರ್ಥ. ಅಡಿಕೆ ತೋಟಕ್ಕೆ ಮಳೆಗಾಲದಲ್ಲಿ ಹೊಡೆಯುವ ಬೋರ್ಡೋ ದ್ರಾವಣ ಫಂಗಿಸೈಡ್, ಶಿಲೀಂಧ್ರನಾಶಕ. ‘ಡಿಸೈಡ್’ ಕೂಡ ಈ ಕುಟುಂಬದ್ದೇ, ಉಳಿದ ಆಯ್ಕೆಗಳನ್ನು ಕಡಿದುಹಾಕುವುದು. ಆದರೆ ‘ಕೋಇನ್‌ಸೈಡ್’ (ಒಟ್ಟಿಗೆ ಸಂಭವಿಸು) ಬೇರೆ ಧಾತು, ಅದರ ಅರ್ಥ ‘ಬೀಳು’. ಆ್ಯಕ್ಸಿಡೆಂಟ್, ಇನ್ಸಿಡೆಂಟ್ ಅದರ ಜೊತೆಗಾರರು.

ಪೋರ್ಟ್. ಇಂಪೋರ್ಟ್, ಎಕ್ಸ್‌ಪೋರ್ಟ್, ರಿಪೋರ್ಟ್, ಡಿಪೋರ್ಟ್, ಪೋರ್ಟಬಲ್ ಸರಿ. ‘ಪೋರ್ಷನ್’, ‘ಪ್ರಪೋರ್ಷನ್’ ಸೇರಿಸಬೇಡಿ, ಅವು ‘ಪಾರ್ಟ್’ ಕಡೆಯವು, ಪಾಲು ಎಂಬ ಅರ್ಥದವು.

ಹೋಮೊ. ಲ್ಯಾಟಿನ್‌ನಲ್ಲಿ ಮನುಷ್ಯ (ಹೋಮೊ ಸೇಪಿಯನ್ಸ್), ಗ್ರೀಕ್‌ನಲ್ಲಿ ಒಂದೇ ತೆರನಾದ (ಹೋಮೊಜೀನಿಯಸ್).

ಎಲ್ಲಕ್ಕಿಂತ ಅಪಾಯ ‘ಇನ್’. ‘ಇನ್‌ಫ್ಲೇಮಬಲ್’ ಎಂದು ಟ್ಯಾಂಕರ್ ಮೇಲೆ ಕಂಡರೆ ಬೆಂಕಿ ಹತ್ತುವುದಿಲ್ಲ ಎಂದು ತಿಳಿಯಬೇಡಿ. ಬೇಗ ಹತ್ತಿಕೊಳ್ಳುತ್ತದೆ ಎಂದೇ ಅರ್ಥ, ಇಲ್ಲಿ ‘ಇನ್’ ಎಂದರೆ ಒಳಗೆ. ‘ಇನ್‌ವ್ಯಾಲ್ಯುಅಬಲ್’ ಎಂದರೆ ಬೆಲೆ ಕಟ್ಟಲಾಗದ್ದು, ಬೆಲೆಯಿಲ್ಲದ್ದಲ್ಲ. ‘ಇನ್‌ಫೇಮಸ್’ ಎಂದರೆ ಕುಖ್ಯಾತ, ಯಾರಿಗೂ ಗೊತ್ತಿಲ್ಲದವನಲ್ಲ. ಹಿರಿಯ ಅಧಿಕಾರಿಗೆ ಬರೆಯುವ ಪತ್ರದಲ್ಲಿ ಕೊನೆಯದನ್ನು ಹಾಕಿದರೆ ಏನಾಗುತ್ತದೆಂದು ಊಹಿಸಿಕೊಳ್ಳಿ.

ಹಂತ 7: ಅವಳಿ ಪದಗಳಿಗೆ ಬೇರೆ ಪುಟ

ಒಂದೆರಡು ಅಕ್ಷರದಲ್ಲಷ್ಟೇ ಬೇರೆಯಾಗುವ ಜೋಡಿಗಳನ್ನು ಕುಟುಂಬದ ಪುಟದಲ್ಲಿ ಬೆರೆಸಬೇಡಿ. ಸ್ಟೇಷನರಿ ಎರಡು ಬಗೆ: ಎ-ಆರ್-ವೈ ಎಂದು ಮುಗಿದರೆ ನಿಂತಲ್ಲೇ ನಿಂತಿರುವ, ಇ-ಆರ್-ವೈ ಆದರೆ ಪೆನ್ನು ಕಾಗದ. ‘ಪೇಪರ್’ ಪದದ ಕೊನೆಯ ಇ-ಆರ್ ನೆನಪಿಟ್ಟರೆ ಸಾಕು. ಎರಡರ ಮೂಲವೂ ಒಂದೇ: ಊರೂರು ಅಲೆಯದೆ ಒಂದೆಡೆ ಮಳಿಗೆ ಇಟ್ಟ ಪುಸ್ತಕ ವ್ಯಾಪಾರಿಯನ್ನು ಸ್ಟೇಷನರ್ ಎನ್ನುತ್ತಿದ್ದರು. ‘ಕಾಂಪ್ಲಿಮೆಂಟ್’ ನಡುವೆ ಐ ಇದ್ದರೆ ಹೊಗಳಿಕೆ, ಇ ಇದ್ದರೆ ಪೂರಕ. ಪೂರ್ತಿಮಾಡು ಎನ್ನುವ ‘ಕಂಪ್ಲೀಟ್’ನಲ್ಲೂ ಅಲ್ಲಿ ಇ ಇದೆ. ‘ಅಫೆಕ್ಟ್’ ಸಾಮಾನ್ಯವಾಗಿ ಕ್ರಿಯಾಪದ, ‘ಎಫೆಕ್ಟ್’ ನಾಮಪದ.

ಇನ್ನೊಂದು ಬಗೆ ಇದೆ, ಪರೀಕ್ಷೆಗೆ ಅಷ್ಟು ಬೇಕಾಗದಿದ್ದರೂ ಓದುವ ಖುಷಿಗೆ. ಎಸ್-ಎನ್ ಇಂದ ಶುರುವಾಗುವ ಸ್ನೀಜ್, ಸ್ನಿಫ್, ಸ್ನೋರ್, ಸ್ನೌಟ್ ಎಲ್ಲಕ್ಕೂ ಮೂಗಿನ ನಂಟು. ಜಿ-ಎಲ್ ಇಂದ ಶುರುವಾಗುವ ಗ್ಲಿಟರ್, ಗ್ಲೀಮ್, ಗ್ಲೋ, ಗ್ಲಿಮರ್ ಹೊಳಪಿನವು. ಇವು ಧಾತುಗಳಲ್ಲ, ನಮ್ಮ ತಳತಳ, ಮಿಣಿಮಿಣಿಗಳ ಹಾಗೆ ಸದ್ದಿನಲ್ಲೇ ಭಾವ ತುಂಬಿಕೊಂಡವು. ನಿಯಮವೆಂದು ಹಿಡಿದರೆ ಕೈಕೊಡುತ್ತವೆ: ‘ಸ್ನೇಕ್’ಗೂ ಮೂಗಿಗೂ ಸಂಬಂಧವಿಲ್ಲ, ‘ಗ್ಲೂ’ ಹೊಳೆಯುವುದಿಲ್ಲ.

ಹಂತ 8: ಚೀಟಿ ಮತ್ತು ಪುನರಾವರ್ತನೆ

ಪ್ರತಿ ಪದಕ್ಕೆ ಒಂದು ಚೀಟಿ. ಒಂದು ಬದಿಗೆ ಕನ್ನಡ ಅರ್ಥ ಮತ್ತು ಖಾಲಿ ಜಾಗವಿರುವ ನಿಮ್ಮ ವಾಕ್ಯ, ಇನ್ನೊಂದು ಬದಿಗೆ ಇಂಗ್ಲಿಷ್ ಪದ. ಕನ್ನಡ ನೋಡಿ ಇಂಗ್ಲಿಷ್ ಹೇಳಬೇಕು. ಇಂಗ್ಲಿಷ್ ನೋಡಿ ಕನ್ನಡ ಹೇಳುವುದು ಸುಲಭ, ಬರೆಯುವಾಗ ಅದರಿಂದ ಅಷ್ಟಾಗಿ ಉಪಯೋಗವಿಲ್ಲ.

ಮೂರು ಡಬ್ಬ ಇಡಿ. ಹೊಸ ಚೀಟಿ ಮೊದಲ ಡಬ್ಬಕ್ಕೆ, ಅದನ್ನು ದಿನಾ ನೋಡಿ. ಸರಿಯಾಗಿ ಹೇಳಿದರೆ ಎರಡನೆಯದಕ್ಕೆ, ಅದು ಮೂರು ದಿನಕ್ಕೊಮ್ಮೆ. ಮತ್ತೆ ಸರಿಯಾದರೆ ಮೂರನೆಯದಕ್ಕೆ, ಅದು ಹತ್ತು ದಿನಕ್ಕೊಮ್ಮೆ. ತಪ್ಪಿದ ಚೀಟಿ ಯಾವ ಡಬ್ಬದಲ್ಲಿದ್ದರೂ ಮೊದಲನೆಯದಕ್ಕೆ ವಾಪಸ್. ಜರ್ಮನ್ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಜನಪ್ರಿಯಗೊಳಿಸಿದ ಪದ್ಧತಿಯ ಕಿರಿದಾದ ರೂಪ ಇದು. ಫೋನ್‌ನಲ್ಲೇ ಬೇಕೆನ್ನುವವರಿಗೆ ಆ್ಯಂಕಿ ಎಂಬ ಆ್ಯಪ್ ಇದೆ, ಆಂಡ್ರಾಯ್ಡ್‌ನಲ್ಲಿ ಉಚಿತ. ಬೇರೆಯವರು ಮಾಡಿಟ್ಟ ಚೀಟಿಗಳನ್ನು ಇಳಿಸಿಕೊಳ್ಳಬೇಡಿ. ನೀವೇ ತುಂಡು ಮಾಡಿ, ನೀವೇ ವಾಕ್ಯ ಬರೆದ ಪದ ಉಳಿಯುವಷ್ಟು ಅದು ಉಳಿಯುವುದಿಲ್ಲ.

ಒಂದೇ ಕುಟುಂಬದ ಚೀಟಿಗಳನ್ನು ಒಂದೇ ದಿನ ಎಲ್ಲಾ ಸೇರಿಸಬೇಡಿ. ‘ರೆಟ್ರೊಸ್ಪೆಕ್ಟ್’, ‘ಇಂಟ್ರೊಸ್ಪೆಕ್ಟ್’ ಬೆನ್ನಿಗೆ ಬೆನ್ನು ಬಂದರೆ ಕಲಸಿಹೋಗುತ್ತವೆ. ದಿನಕ್ಕೆ ಎರಡು, ಹೆಚ್ಚೆಂದರೆ ಮೂರು.

ಪತ್ರಿಕೆ ಓದುವಾಗ ನಿಮ್ಮ ಆ ವಾರದ ಗುಚ್ಛ ಕಂಡಲ್ಲೆಲ್ಲ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ. ನ್ಯಾಯಾಲಯದ ಸುದ್ದಿಯಲ್ಲಿ ‘ಡಿಕ್ಟ್’, ವ್ಯಾಪಾರದ ಪುಟದಲ್ಲಿ ‘ಪೋರ್ಟ್’ ಮತ್ತು ‘ಕ್ರೆಡ್’, ರಾಜಕೀಯದಲ್ಲಿ ‘ರಪ್ಟ್’ ಹೇರಳ. ಆರ್-ಯು-ಪಿ-ಟಿ ಎಂದರೆ ಒಡೆ. ಇಂಟರಪ್ಟ್, ಎರಪ್ಟ್, ಡಿಸ್ರಪ್ಟ್, ಕರಪ್ಟ್, ಬ್ಯಾಂಕ್ರಪ್ಟ್ ಇವನ್ನು ನೀವೇ ತುಂಡು ಮಾಡಿ, ಎಲ್ಲಿ ಎರಡು ಆರ್ ಬರುತ್ತದೆ, ಎಲ್ಲಿ ಒಂದೇ ಎಂಬುದನ್ನು ನಾಲ್ಕನೇ ಹಂತದ ಸೂತ್ರದಿಂದ ಹೇಳಿ, ಆಮೇಲೆ ನಿಘಂಟು ತೆರೆಯಿರಿ.